ಅಮೋನಿಯಾದ ತಲೆಯ ಮೇಲಿನ ಎರಡು ಚುಕ್ಕಿ

ಆಳದೂರು,
ಕಡಲವರ್ಷ ೨೧೨, ಹದಿಮೂರನೆಯ ತಿಂಗಳು, ದಿನ ನಲವತ್ತು

ರುದ್ರಾಂಬಾ ಮೇಡಂ ಅವರಿಗೆ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ಕಡಲ ತಳದಲ್ಲಿ ಊರು ಕಟ್ಟಿಕೊಂಡವರಿಗೆ ತಿಂಗಳು ಎಷ್ಟು ದಿನವಾದರೂ ನಡೆಯುತ್ತದೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗಿಂತ ಎಷ್ಟೋ ತಲೆಮಾರು ಈಚಿನವಳಾದ ನಾನು ನಿಮ್ಮ ಕಾಲದ ಕನ್ನಡವನ್ನು ಕಲಿತದ್ದು ಒಂದೇ ನೋಟುಬುಕ್ಕಿನಿಂದ. ಅದು ನಿಮ್ಮ ಹತ್ತನೇ ತರಗತಿಯ ಹೊನ್ನಮ್ಮನದು, ನಮ್ಮ ಹಳೆಯ ಸಾಮಾನಿನ ಕೋಣೆಯಲ್ಲಿ ಸಿಕ್ಕಿತು. ಪುಟಪುಟಕ್ಕೂ ನಿಮ್ಮ ಕೆಂಪು ಶಾಯಿ, ಕೆಳಗೆ ನಿಮ್ಮ ಸಹಿ.

ನಾನು ಇಲ್ಲಿ ಗಾಳಿಗಾರ್ತಿ, ಅಂದರೆ ಊರಿನ ಉಸಿರು ಕೆಡದಂತೆ ನೋಡಿಕೊಳ್ಳುವವಳು. ಆರುನೂರು ಜನ ಬಿಟ್ಟ ಗಾಳಿಯನ್ನೇ ಸೋಸಿ ಮತ್ತೆ ಉಸಿರಾಡುತ್ತೇವೆ. ಬೆಳಿಗ್ಗೆ ಎದ್ದವಳೇ ಓಣಿ ಓಣಿ ಸುತ್ತಿ ಮೂಸುವುದು ನನ್ನ ಕೆಲಸ. ಯಾರ ಮನೆಯಲ್ಲಿ ಏನು ಒಗ್ಗರಣೆ ಎಂಬುದೂ ನನಗೆ ಗೊತ್ತು. ಮೂತ್ರವನ್ನು ನೀರಾಗಿಸುವ ಸೋಸುಮನೆ ಕೆಟ್ಟು ಅಮೋನಿಯಾ ಊರಿಗೆ ನುಗ್ಗಿದಾಗಲೂ ಮೊದಲು ಉರಿದದ್ದು ನನ್ನ ಮೂಗು. ಎಲ್ಲರೂ ಕೆಮ್ಮತೊಡಗಿದರು. ನನ್ನ ಅವ್ವ ಸಂಗವ್ವ ಮೊದಲೇ ಉಬ್ಬಸದವಳು, ಹಾಸಿಗೆ ಹಿಡಿದಳು.

ಜಾಲರಿಯ ಮೇಲೆ ಜಾಲರಿ ಕಟ್ಟಿದೆವು. ಒಂದೂ ಅದನ್ನು ಹಿಡಿಯಲಿಲ್ಲ. ತಪ್ಪು ನಮ್ಮ ಪದ್ಧತಿಯದೇ. ಅಣುವಿನ ಚಿತ್ರದಲ್ಲಿ ನಾವು ಬಂಧದ ಗೆರೆಗಳನ್ನು ಮಾತ್ರ ಇಟ್ಟುಕೊಂಡು, ಬಂಧಕ್ಕೆ ಸೇರದ ಎಲೆಕ್ಟ್ರಾನುಗಳನ್ನು ಕೆಲಸವಿಲ್ಲದವೆಂದು ತಲೆಮಾರುಗಳ ಹಿಂದೆಯೇ ಅಳಿಸಿಬಿಟ್ಟಿದ್ದೆವು. ಮೂರು ಗೆರೆಯ ಅಮೋನಿಯಾ ನಮ್ಮ ಕಣ್ಣಿಗೆ ಇನ್ನಾರ ಹಂಗೂ ಇಲ್ಲದ ತುಂಬು ಸಂಸಾರ.

ಹೊನ್ನಮ್ಮನೂ ಮೊದಲು ಹಾಗೇ ಬರೆದಿದ್ದಳು. ಪಕ್ಕದಲ್ಲಿ ನೀವು ಬರೆದದ್ದು: “ಹೊರಕವಚದ ಎಲೆಕ್ಟ್ರಾನು ಎಣಿಸು: ನೈಟ್ರೋಜನ್ನಿನವು ಐದು, ಮೂರು ಹೈಡ್ರೋಜನ್ನಿನವು ಮೂರು, ಒಟ್ಟು ಎಂಟು. ಗೆರೆಗೆ ಎರಡರಂತೆ ನೀನು ಬಳಸಿದ್ದು ಆರು. ಉಳಿದೆರಡು ಎಲ್ಲವ್ವಾ? ಮತ್ತೆ ಎಣಿಸು.” ಓದಿ ನಾನೂ ಬೆರಳು ಮಡಚಿ ಎಣಿಸಿದೆ. ಮುಂದಿನ ಪುಟದಲ್ಲಿ ಅವಳು ನೈಟ್ರೋಜನ್ನಿನ ತಲೆಯ ಮೇಲೆ ಎರಡು ಚುಕ್ಕಿ ಇಟ್ಟಿದ್ದಳು. ಆಮ್ಲದ ಹೈಡ್ರೋಜನ್ ಅಯಾನು ಬಂದು ಆ ಜೋಡಿಗೇ ಅಂಟಿಕೊಳ್ಳುತ್ತದೆ ಎಂದು ನೀವು ಬರೆಸಿದ್ದಿರಿ. ಹಾಗಾದರೆ ಬೇಕಾದದ್ದು ಜಾಲರಿಯಲ್ಲ, ಹುಳಿ. ತೋಟದ ನಿಂಬೆಹಣ್ಣನ್ನೆಲ್ಲ ಹಿಂಡಿ, ಬಟ್ಟೆ ನೆನೆಸಿ ಗಾಳಿಕಿಂಡಿಗಳಿಗೆ ಕಟ್ಟಿದೆವು. ಸಂಜೆಯ ಹೊತ್ತಿಗೆ ಊರಿನ ಕೆಮ್ಮು ನಿಂತಿತು.

ನಿಮ್ಮ ಮೇಲೆ ನನಗಿರುವ ಗೌರವ ಹೇಳತೀರದು. ಅರ್ಧ ಅಂಕ ಕಳೆದು ಸುಮ್ಮನಾಗಬಹುದಿತ್ತು. ನೀವು ಚುಕ್ಕಿ, ಗೆರೆಗಳ ಒಂದೇ ಲೂಯಿಸ್ ರಚನೆಯನ್ನು ಆ ಹುಡುಗಿಯಿಂದ ನಾಲ್ಕು ಸಲ ಬರೆಸಿದ್ದೀರಿ. ಅವಳು ನಿಮ್ಮನ್ನು ಎಷ್ಟು ಬೈದುಕೊಂಡಳೋ ಏನೋ. ಈಗ ನಮ್ಮ ಮಕ್ಕಳೂ ನೀರಿಗೆ ಎಂಟು, ಕಾರ್ಬನ್ ಡೈಆಕ್ಸೈಡಿಗೆ ಹದಿನಾರು ಎಂದು ಗೋಡೆ ತುಂಬ ಚುಕ್ಕಿ ಇಟ್ಟು ಎಣಿಸುತ್ತಾರೆ. ಸುಣ್ಣ ಹೊಡೆಯುವವನಿಗೆ ನನ್ನ ಮೇಲೆ ಸಿಟ್ಟು.

ಆದರೆ ನೋಟುಬುಕ್ಕಿನ ಕೊನೆಯ ಪುಟದಲ್ಲಿ ನೀವೇ ಬರೆಸಿದ ಸೂಚನೆಯೊಂದಿದೆ: ಸೋಮವಾರದಿಂದ ರಚನೆ ಬಿಡಿಸುವುದು ಬೇಡ, ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಗುರುತು ಹಾಕಿದರೆ ಸಾಕು. ಮೇಲಿನವರ ಒತ್ತಾಯ ಇದ್ದಿರಬೇಕು. ನಮ್ಮ ಮರೆವು ಅಂಥ ಸೋಮವಾರಗಳಿಂದಲೇ ಶುರುವಾಯಿತೆಂದು ನನಗನಿಸುತ್ತದೆ. ಈ ಪತ್ರ ಅದಕ್ಕೆ ಮೊದಲು ನಿಮ್ಮ ಕೈ ಸೇರಲಿ.

ನಿಲ್ಲಿಸಬೇಡಿ, ಮೇಡಂ. ನಿಮ್ಮ ನೋಟುಬುಕ್ಕು ನನಗೆ ಸಿಕ್ಕಿದ್ದು ಅವ್ವನನ್ನು ಕಡಲಿಗೆ ಒಪ್ಪಿಸಿ ಬಂದ ಮರುದಿನ. ಎಣಿಸಲು ಬರುವವರು ನಮ್ಮಲ್ಲಿ ಒಬ್ಬರಿದ್ದಿದ್ದರೂ ಅವಳು ಉಳಿಯುತ್ತಿದ್ದಳು.

ಇತಿ ನಿಮ್ಮ ವಿದ್ಯಾರ್ಥಿನಿ,
ಹೈಮವತಿ