ಅಂಗಳದಲ್ಲಿ ಇಲ್ಲದ ಮಾವಿನ ಮರ

ರುಂಫಿ
14 ಜೂನ್ 2019

ಪ್ರಿಯ ಯೋತಾಮ್,

ನಿನಗೂ ಮನೆಯವರಿಗೂ ನಮಸ್ಕಾರ. ಮಾರ್ಚಿನ ನಿನ್ನ ಕಾಗದಕ್ಕೆ ಜೂನಿನಲ್ಲಿ ಉತ್ತರ ಬರೆಯುತ್ತಿದ್ದೇನೆ, ಕ್ಷಮಿಸು. ಕೆಲಸವಿತ್ತು ಎಂದು ನೆಪ ಹೇಳುವುದಿಲ್ಲ. ತಪಾಸಣೆಗೆ ಹದಿನಾಲ್ಕು ಶಾಲೆ, ಒಂದು ಮೋಟಾರ್ ಸೈಕಲ್, ಎರಡು ಮಂಡಿನೋವು, ಇವು ಯಾವಾಗಲೂ ಇದ್ದದ್ದೇ. ನಿನ್ನ ಮಗಳು ತಾವೊಂಗ ಮಾಡುವ ಪಾಠ ನೋಡಿದ ಮೇಲೆ ಬರೆಯೋಣ ಎಂದುಕೊಂಡೆ. ನೋಡಿದ ಮೇಲೆ ಬರೆಯುವುದು ಇನ್ನೂ ಕಷ್ಟವಾಯಿತು.

ನಮ್ಮಲ್ಲಿ ಮೆಕ್ಕೆಜೋಳ ಚೆನ್ನಾಗಿ ಬಂದಿದೆ. ನಿನ್ನ ಸೈಕಲ್ ರಿಪೇರಿ ಅಂಗಡಿಗೆ ಹೊಸ ತಗಡು ಬಿತ್ತಂತೆ, ಸಂತೋಷ.

"ತಾವೊಂಗಳ ಕೆಲಸ ಕಾಯಂ ಆಗೋದು ನಿನ್ನ ವರದಿ ಮೇಲೆ ನಿಂತಿದೆ ಕಣೋ ಲೈಸನ್. ನನಗಾದದ್ದು ಅವಳಿಗೆ ಆಗೋದು ಬೇಡ" ಎಂದು ನೀನು ಬರೆದಿದ್ದೆ. ನಿನಗಾದದ್ದು ನನಗೆ ನೆನಪಿದೆ. 1988ರ ಆ ವರದಿಯಲ್ಲಿ ನಿನ್ನ ಹೆಸರಿನ ಮುಂದೆ 'ಅನರ್ಹ' ಎಂಬ ಒಂದೇ ಪದವಿತ್ತು, ನೀನು ಮೇಷ್ಟ್ರ ಕೆಲಸ ಬಿಟ್ಟೆ. "ಇನ್‌ಸ್ಪೆಕ್ಟರಿಗೆ ನನ್ನ ಮೂತಿ ಹಿಡಿಸಲಿಲ್ಲ" ಎಂದು ಇಂದಿಗೂ ನಗುತ್ತೀಯ.

ತಾವೊಂಗಳ ಸುದ್ದಿ ನಿನಗೆ ಮುಟ್ಟಿರಬೇಕು. ಕೆಲಸ ಕಾಯಂ ಆಗಿಲ್ಲ, ಇನ್ನೂ ಆರು ತಿಂಗಳು ಕಾಯಬೇಕು. ಹಾಗೆ ಬರೆದವನು ನಾನೇ.

ಮೇ 22ರ ಬುಧವಾರ ಅವಳ ತರಗತಿಯಲ್ಲಿ ಕೂತೆ. ನೂರ ಹದಿನೆಂಟು ಮಕ್ಕಳು, ಎಲ್ಲರೂ ನೆಲದ ಮೇಲೆ. ಹೆಡ್‌ಮಾಸ್ಟರ್ ಕಯೀರ ನನ್ನ ಪಕ್ಕದಲ್ಲಿದ್ದರು. ಪಾಠ ಟಿಪ್ಪಣಿಯ ಪುಸ್ತಕ ತೆರೆದೆ. ದುಂಡಗಿನ ಅಕ್ಷರ, ಥೇಟ್ ನಿನ್ನದೇ. 'ಮಕ್ಕಳನ್ನು ಅಂಗಳದ ಮಾವಿನ ಮರದ ಬಳಿ ಕರೆದೊಯ್ದು, ಅದರ ನೆರಳನ್ನು ಹೆಜ್ಜೆಯಲ್ಲಿ ಅಳೆಸುವುದು' ಎಂದಿತ್ತು. ಇದೇ ಟಿಪ್ಪಣಿಯನ್ನು ಸೋಮವಾರ ಹೊಳೆಯಾಚೆಯ ಶಾಲೆಯಲ್ಲಿ, ಲುಸುಂಗು ಎಂಬ ಟೀಚರ ಪುಸ್ತಕದಲ್ಲಿ, ಅಕ್ಷರಕ್ಕೆ ಅಕ್ಷರ ಓದಿದ್ದೆ. ಅಲ್ಲಿ ಮರವಿದೆ. ಇಲ್ಲಿರುವುದು ಒಂದು ಬಾವುಟದ ಕಂಬ, ಒಂದು ಕೈಪಂಪು.

ತಾವೊಂಗಳಿಗೆ ಅದು ಹೊಳೆದದ್ದು ಮಕ್ಕಳ ಸಾಲನ್ನು ಹೊರಗೆ ತಂದು ನಿಲ್ಲಿಸಿದ ಮೇಲೆ. "ಮೇಡಂ, ಮರ ಎಲ್ಲಿದೆ?" ಎಂದು ಒಂದು ಹುಡುಗಿ ಕೇಳಿಯೇಬಿಟ್ಟಳು.

"ಮರ ಇವತ್ತು ರಜಾ ಹಾಕಿದೆ. ಕಂಬ ಡ್ಯೂಟಿ ಮೇಲಿದೆ, ಅದರ ನೆರಳು ಅಳೀರಿ ನೋಡೋಣ."

ಗಿಡ್ಡ ಹುಡುಗನಿಗೆ ಹದಿನಾಲ್ಕು ಹೆಜ್ಜೆ, ಉದ್ದದ ಹುಡುಗಿಗೆ ಒಂಬತ್ತು. ನನ್ನದು ಸರಿ, ನಿನ್ನದು ತಪ್ಪು ಎಂದು ಜಗಳವೇ ಹತ್ತಿತು. ತಾವೊಂಗ ಜಗಳ ಬಿಡಿಸಲಿಲ್ಲ. "ನೆರಳು ಒಂದೇ, ಲೆಕ್ಕ ಯಾಕೆ ಎರಡು?" ಎಂದು ಕೇಳಿ ಸುಮ್ಮನೆ ನಿಂತಳು. ಅಷ್ಟು ಒಳ್ಳೆಯ ಪಾಠವನ್ನು ನಾನು ಎಂದೂ ಮಾಡಿದವನಲ್ಲ.

ಆಮೇಲೆ ಆಫೀಸು ಕೋಣೆಯಲ್ಲಿ ಕಯೀರ ನನ್ನ ಮುಖ ನೋಡಿಯೇ ಮಾತು ತೆಗೆದರು. "ಇಷ್ಟು ಮಕ್ಕಳನ್ನ ಇಟ್ಕೊಂಡು ಟಿಪ್ಪಣಿ ಬೇರೆ ಯಾರು ಬರೀತಾರೆ ಸಾರ್? ಇಲ್ಲೂ ಮರ ಇತ್ತು, ಗಾಳಿಗೆ ಬಿತ್ತು ಅಂತ ಬರ್ಕೊಳ್ಳಿ. ಆ ಹೊಳೆಯಾಚೆ ಹುಡುಗಿನೇ ಕದ್ದಿದ್ದು ಅಂತಾಗುತ್ತೆ."

ನಾನು ತಾವೊಂಗಳನ್ನು ಕರೆಸಿ ಕೇಳಿದೆ, "ಇದು ಯಾರು ಬರೆದದ್ದು?"

"ಲುಸುಂಗು ಬರೆದದ್ದು ಚಿಕ್ಕಪ್ಪ. ನಾನು ನೋಡಿ ನಕಲು ಮಾಡ್ದೆ."

"ಕೆಲಸ ಹೋಗಬಹುದು, ಗೊತ್ತಲ್ಲ?"

"ಹೋದ್ರೆ ನಂದು ಹೋಗ್ಲಿ. ಅವಳದ್ದು ಯಾಕೆ ಹೋಗ್ಬೇಕು?"

ಪಾಠಕ್ಕೆ ಐದಕ್ಕೆ ಐದು, ಟಿಪ್ಪಣಿಗೆ ಸೊನ್ನೆ ಹಾಕಿದೆ. ನಕಲಿಗೆ ಆರು ತಿಂಗಳು ಎಂದು ನಿಯಮವಿದೆ. ಕಯೀರ ಹೇಳಿದಂತೆಯೂ ಬರೆಯಬಹುದಿತ್ತು, ಕೈ ಬರಲಿಲ್ಲ.

ಹೊರಡುವಾಗ ಊರವರು ವಾಡಿಕೆಯಂತೆ ಒಂದು ಕೋಳಿ ಕೊಟ್ಟರು. ಬೇಡವೆಂದರೆ ಅವಮಾನ. ತಾವೊಂಗ ತಾನೇ ಅದರ ಕಾಲು ಕಟ್ಟಿ ಗಾಡಿಗೆ ತೂಗುಹಾಕಿದಳು. "ನಿಧಾನಕ್ಕೆ ಹೋಗಿ ಚಿಕ್ಕಪ್ಪ, ಮಂಡಿ ಹುಷಾರು" ಎಂದಳು. ದಾರಿಯುದ್ದಕ್ಕೂ ನಾಚಿಕೆಯಾಯಿತು.

ಡಿಸೆಂಬರಿನಲ್ಲಿ ಅವಳನ್ನು ನೋಡಲು ಬೇರೆಯವರನ್ನು ಕಳಿಸಿ ಎಂದು ಮೇಲಿನವರಿಗೆ ಬರೆದಿದ್ದೇನೆ. ಅವಳು ಗೆಲ್ಲುತ್ತಾಳೆ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ಲೈಸನ್ ಜ್ಗಾಂಬೊ

ಮತ್ತೆ: 1988ರಲ್ಲಿ ನಾವಿಬ್ಬರೂ ಒಂದೇ ಶಾಲೆಯ ಮೇಷ್ಟ್ರು, ಒಂದೇ ಕೋಣೆಯಲ್ಲಿದ್ದೆವಲ್ಲ. ಇನ್‌ಸ್ಪೆಕ್ಟರು ಬಂದ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ನಿನ್ನ ಟಿಪ್ಪಣಿಯನ್ನು ನಾನು ನಕಲು ಮಾಡಿದ್ದೆ. ಅವರು ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು "ಇದು ಯಾರು ಬರೆದದ್ದು?" ಎಂದು ಕೇಳಿದರು. ನೀನು ಹೊರಗೆ ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದೆ. "ನಾನು ಸಾರ್" ಎಂದು ನಾನು ಹೇಳಿಬಿಟ್ಟೆ. ನಕಲು ಮಾಡಿದವನು ನೀನೆಂದಾಯಿತು, ನಿನ್ನನ್ನು ಅವರು ಕೇಳಲೇ ಇಲ್ಲ. ಮೂತಿಯ ಮಾತು ಹೇಳಿ ನೀನು ಮೂವತ್ತೊಂದು ವರ್ಷ ನಕ್ಕೆ, ನಾನೂ ಜೊತೆಗೆ ನಕ್ಕೆ. ಈ ಕಾಗದವನ್ನು ತಾವೊಂಗಳಿಗೂ ಓದಲು ಕೊಡು. ಇನ್ನು ಮುಂದೆ ನನ್ನನ್ನು ಚಿಕ್ಕಪ್ಪ ಎನ್ನಬೇಕೋ ಬೇಡವೋ, ಅವಳೇ ತೀರ್ಮಾನಿಸಲಿ.