ಫೋಟೋಕ್ಕೆ ಹಿಡಿದ ಪಿಟೀಲು

ಒಂಬತ್ತನೇ ತಾರೀಕು, ಗುರುವಾರ.

ಇಂದು ಮತ್ತೊಂದು ಸಂದರ್ಶನ. ಈ ವರ್ಷದ ಹದಿನಾಲ್ಕನೆಯದು. ನನ್ನ ಕೊನೆಯ ರೆಕಾರ್ಡು ಬಂದು ಹನ್ನೊಂದು ವರ್ಷವಾಯಿತು. ಬಾಯಿದ್ದವ ಬರಗಾಲದಲ್ಲೂ ಬದುಕಿಯಾನು ಎಂಬುದಕ್ಕೆ ನಾನೇ ಸಾಕ್ಷಿ.

ವರದಿಗಾರ್ತಿ ಮೊಬೈಲನ್ನು ರೆಕಾರ್ಡಿಂಗಿಗೆ ಇಟ್ಟು, "ಹೊಸ ರೆಕಾರ್ಡು ಯಾವಾಗ ಸಾರ್?" ಎಂದಳು.

"ಹದ ಆಗ್ಲಿ ತಾಯಿ, ಅವಸರ ಯಾಕೆ?" ಎಂದೆ. ಪ್ರತಿ ಸಲವೂ ಇದೇ ಉತ್ತರ, ಪ್ರತಿ ಸಲವೂ ಅವರು ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ.

ಆಮೇಲೆ ಫೋಟೋದವನು ಪಿಟೀಲು ಹಿಡಿಯಲು ಹೇಳಿದ. ಯಾರಾದರೂ ನುಡಿಸಲು ಕೇಳಿಯಾರೆಂದು ಬೆಳಿಗ್ಗೆಯೇ ಶ್ರುತಿ ಮಾಡಿಟ್ಟಿದ್ದೆ. ದವಡೆಗೆ ಒತ್ತಿಕೊಂಡೊಡನೆ ಕೈ ತಾನಾಗಿಯೇ ಕಮಾನು ಎಳೆಯಿತು.

"ಅಯ್ಯೋ, ನುಡಿಸ್ಬೇಡಿ ಸಾರ್!" ಎಂದಳು ಆಕೆ. "ರೆಕಾರ್ಡಿಂಗಲ್ಲಿ ನಿಮ್ಮ ಮಾತೇ ಕೇಳ್ಸಲ್ಲ ಆಮೇಲೆ. ಸುಮ್ನೆ ನುಡಿಸೋ ಥರ ಹಿಡ್ಕೊಳ್ಳಿ, ಸಾಕು."

ಹಿಡಿದುಕೊಂಡು ನಕ್ಕೆ. ಫೋಟೋ ಚೆನ್ನಾಗಿ ಬಂದಿದೆಯಂತೆ.

ಅವರು ಹೋದ ಮೇಲೆ ಅಡುಗೆಮನೆಯಿಂದ ಹೆಂಡತಿ ಬಂದಳು. "ಯಾಕ್ರೀ ನಿಲ್ಲಿಸ್ಬಿಟ್ರಿ? ಕೇಳೋಣಾಂತ ಒಲೆ ಆರಿಸಿ ಕೂತಿದ್ದೆ."

ಇಷ್ಟು ವರ್ಷ ಯಾವ ಪತ್ರಿಕೆಯ ಪ್ರಶ್ನೆಗೂ ತಡವರಿಸದವನು ಅವಳೆದುರು ತಡವರಿಸಿದೆ. ಆ ಅರ್ಧ ಎಳೆತ ಈಗಲೂ ದವಡೆಯಲ್ಲಿ ನಡುಗುತ್ತಿದೆ. ಉಳಿದರ್ಧವನ್ನು ನಾಳೆ ಅವಳೊಬ್ಬಳನ್ನೇ ಕೂರಿಸಿಕೊಂಡಾದರೂ...