ಎವೆಲಿಯೊ ಅಣ್ಣನ ಚೀಟಿ

ಪ್ರೀತಿಯ ಎವೆಲಿಯೊ ಅಣ್ಣ,

ನೀವು ಹೋಗಿ ಇವತ್ತಿಗೆ ಇಪ್ಪತ್ತೆರಡು ದಿನ. ಬದುಕಿದ್ದಾಗ ನಿಮಗೆ ಒಂದು ಸಾಲೂ ಬರೆದವಳಲ್ಲ ನಾನು. ಬರೆಯುವ ಅಗತ್ಯವಾದರೂ ಎಲ್ಲಿತ್ತು? ನನ್ನ ಓದುವ ಕಟ್ಟೆಯಿಂದ ನಿಮ್ಮ ಮೇಜಿಗೆ ಹತ್ತು ಹೆಜ್ಜೆ. ಮೂವತ್ತು ವರ್ಷ ಈ ಕಾರ್ಖಾನೆಯಲ್ಲಿ ನೀವು ಕೆಳಗೆ ಕೂತು ಸಿಗಾರ್ ಸುತ್ತಿದಿರಿ, ನಾನು ಮೇಲೆ ಕೂತು ನಿಮಗೆಲ್ಲ ಪತ್ರಿಕೆ ಓದಿದೆ, ಕಾದಂಬರಿ ಓದಿದೆ, ನೀವುಗಳು ಬರೆದುಕೊಟ್ಟ ಚೀಟಿಗಳನ್ನು ಓದಿದೆ. ಇನ್ನೂರು ಜನಕ್ಕೆ ಓದಿ ಹೇಳುವುದೇ ಹೊಟ್ಟೆಪಾಡಾದವಳ ಗಂಟಲಲ್ಲಿ ಒಂದು ಮಾತು ಹತ್ತೊಂಬತ್ತು ವರ್ಷದಿಂದ ಸಿಕ್ಕಿಹಾಕಿಕೊಂಡಿದೆ.

ನಿನ್ನೆ ನಿಮ್ಮ ಮಗ ಯೊಸ್ಬೆಲ್ ಬಂದಿದ್ದ, ನಿಮ್ಮ ಎಲೆ ಕತ್ತರಿಸುವ ಚಾಕು ತೆಗೆದುಕೊಂಡು ಹೋಗಲು. ಎಡಗೈಯಲ್ಲೇ ತೆಗೆದುಕೊಂಡ. ಬಲಗೈ ಈಗಲೂ ಹಾಗೆಯೇ, ಅರ್ಧ ಮಡಿಸಿದಂತೆ ಹೊಟ್ಟೆಯ ಹತ್ತಿರ. ಹೊರಡುವ ಮುಂಚೆ ಕಟ್ಟೆಯ ಹತ್ತಿರ ಬಂದು ನನಗೆ ಒಂದು ಮಾತು ಹೇಳಿದ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ನನ್ನದು ಮುಗಿಯಲಿ.

ಹತ್ತೊಂಬತ್ತು ವರ್ಷದ ಹಿಂದಿನ ಆ ಬೇಸ್‌ಬಾಲ್ ಫೈನಲ್ಲಿನ ಕೊನೆಯ ಪಂದ್ಯದ ದಿನವನ್ನು ನೀವು ಮರೆಯಲು ಸಾಧ್ಯವೇ ಇರಲಿಲ್ಲ. ಬೆಳಿಗ್ಗೆ ನಾನು ಪತ್ರಿಕೆ ಬಿಡಿಸುವ ಮೊದಲೇ ಜಗಳ ಶುರುವಾಗಿತ್ತು. ಚೆಂಡು ಎಸೆಯುವ ಪಿಚರ್ ಯಾರಾಗಬೇಕು? ನಿಮ್ಮ ಯೊಸ್ಬೆಲ್ ಮೂರು ದಿನದ ಹಿಂದಷ್ಟೇ ನೂರಮೂವತ್ತು ಚೆಂಡು ಎಸೆದಿದ್ದ. ಆದರೂ ಅವನೇ ಬೇಕು ಎಂದು ದಪ್ಪ ಉಬಾಲ್ದೊ ಮೇಜು ಗುದ್ದುತ್ತಿದ್ದ. ಅವನ ಪಕ್ಕದ ದೆಲ್ಫಿನಾಗೆ ಎಡಗೈಯ ಕ್ರೆಸೆನ್ಸಿಯೊ ಆಗಬೇಕು. ವಯಸ್ಸಾಗಿದ್ದರೂ ತಲೆ ಇದೆ ಎಂಬುದು ಅವಳ ವಾದ.

“ಆ ಮುದುಕ ಎಸೆದ ಚೆಂಡು ಬರೋದ್ರೊಳಗೆ ಬ್ಯಾಟು ಹಿಡಿದೋನು ಮನೆಗೆ ಹೋಗಿ ಕಾಫಿ ಕುಡ್ಕೊಂಡು ಬರ್ತಾನೆ ಕಣೇ” ಅಂದ ಉಬಾಲ್ದೊ.

“ಬರಲಿ ಬಿಡು, ಬರೋಷ್ಟರಲ್ಲಿ ಔಟಾಗಿರ್ತಾನೆ” ಅಂದಳು ಅವಳು.

ಎಲ್ಲರೂ ನಕ್ಕರು, ನಾನೂ ನಕ್ಕೆ. ನೀವು ನಗಲಿಲ್ಲ. ಎದ್ದು ಬಂದು ಮಡಿಸಿದ ಚೀಟಿಯೊಂದನ್ನು ನನ್ನ ಕೈಗಿಟ್ಟು, “ಊಟದ ಗಂಟೆಗೆ ಮೊದಲು ಓದು” ಎಂದಿರಿ. ಯೊಸ್ಬೆಲ್‌ನ ಮೊಣಕೈ ಊದಿದೆ, ಇವತ್ತು ಅವನನ್ನು ಆಡಿಸಬೇಡಿ ಎಂದು ಅದರಲ್ಲಿ ಬರೆದಿದ್ದಿರಿ. ಕೋಚ್ ಹತ್ತಿರ ಬಾಯಿ ಬಿಟ್ಟರೆ ಮತ್ತೆ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದು ಹೆದರಿಸಿ ಅವನು ನಿಮ್ಮಿಂದ ಆಣೆ ಹಾಕಿಸಿಕೊಂಡಿದ್ದ. ಕೋಚ್ ರಿಗೊಬೆರ್ತೊನ ಹೆಂಡತಿ ಒಫೆಲಿಯಾ ನಮ್ಮಲ್ಲೇ ಹಿಂದಿನ ಸಾಲಿನಲ್ಲಿ ಎಲೆಯ ನಾರು ಬಿಡಿಸುತ್ತಿದ್ದಳು. ಮಧ್ಯಾಹ್ನ ಗಂಡನಿಗೆ ಊಟ ಬಡಿಸಲು ಮನೆಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ಓದಿದ್ದು ಅವಳ ಕಿವಿಗೆ ಬಿದ್ದರೆ ಕೋಚಿನ ಕಿವಿಗೂ ಬಿದ್ದಂತೆ. ನಿಮ್ಮ ಆಣೆಯೂ ಉಳಿಯುತ್ತಿತ್ತು, ಮಗನ ಕೈಯೂ ಉಳಿಯುತ್ತಿತ್ತು. ಎಷ್ಟು ಯೋಚಿಸಿ ಬರೆದಿದ್ದಿರಿ ಅಣ್ಣ ನೀವು.

ನಾನು ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಂಡೆ. ಆಮೇಲೆ ಕಾದಂಬರಿಯ ಪುಟಗಳ ನಡುವೆ ಇಟ್ಟೆ. ಪತ್ರಿಕೆ ಓದಿದೆ, ಹವಾಮಾನ ಓದಿದೆ, ಯಾರದೋ ಕಳೆದುಹೋದ ಹಂದಿಮರಿಯ ಚೀಟಿಯನ್ನೂ ಓದಿದೆ. ನೀವು ಎರಡು ಸಲ ತಲೆಯೆತ್ತಿ ನೋಡಿದಿರಿ. ಗಂಟೆ ಹೊಡೆಯಿತು. ಒಫೆಲಿಯಾ ಕೈ ತೊಳೆದುಕೊಂಡು ಹೊರಟುಹೋದಳು.

ಯಾಕೆ ಓದಲಿಲ್ಲ? ನನಗೆ ಗೆಲ್ಲಬೇಕಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ನಮ್ಮ ಪಿನಾರ್ ತಂಡ ಕಪ್ ನೋಡಿ ಎಷ್ಟೋ ವರ್ಷವಾಗಿತ್ತು, ಯೊಸ್ಬೆಲ್ ಇಲ್ಲದೆ ಗೆಲ್ಲುವುದಿಲ್ಲ ಎಂದು ನಾನೂ ಉಬಾಲ್ದೊನ ಹಾಗೆ ನಂಬಿದ್ದೆ. ಅಪ್ಪಂದಿರು ಹೆದರುವುದು ಇದ್ದದ್ದೇ, ನಾಳೆ ಓದಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಓದಿ ಏನು ಪ್ರಯೋಜನ ಎಂದು ಕೇಳಿಕೊಳ್ಳಲಿಲ್ಲ.

ಎರಡು ಗಂಟೆಗೆ ಕಟ್ಟೆಯ ಮೇಲಿನ ರೇಡಿಯೋ ಹಾಕಿದವಳೂ ನಾನೇ. ಒಂಬತ್ತು ಇನ್ನಿಂಗ್ಸಿನ ಆಟ ಎಂಟನೆಯದಕ್ಕೆ ಬಂತು. ಒಂದೇ ರನ್ನಿನಿಂದ ನಾವು ಮುಂದಿದ್ದೆವು. ಯೊಸ್ಬೆಲ್‌ನ ಚೆಂಡು ಎತ್ತೆತ್ತಲೋ ಹೋಗುತ್ತಿತ್ತು. ಒಬ್ಬನೂ ಔಟಾಗಿಲ್ಲ, ಮೊದಲ ಬೇಸಿನಲ್ಲೊಬ್ಬ, ಎರಡನೆಯದರಲ್ಲೊಬ್ಬ ಎದುರಾಳಿ ನಿಂತಿದ್ದರು. ಪಿಚರನ್ನು ಬದಲಿಸಲು ಕೋಚ್ ಮೈದಾನದ ಮೆಟ್ಟಿಲು ಹತ್ತುತ್ತಿದ್ದಾನೆ, ಕ್ರೆಸೆನ್ಸಿಯೊ ಕೈ ಬಿಸಿ ಮಾಡಿಕೊಳ್ಳುತ್ತಿದ್ದಾನೆ ಎಂದು ರೇಡಿಯೋದವನು ಹೇಳಿದ. ಆಗ ನಿಮ್ಮ ಮುಖ ನೋಡಿದೆ. ಆ ದಿನ ಮೊದಲ ಸಲ ನಿಮ್ಮ ಹೆಗಲು ಸಡಿಲವಾಗಿತ್ತು. ಇದೊಂದು ಚೆಂಡು ಎಸೆಯಲಿ, ಆಮೇಲೆ ಬದಲಿಸೋಣ ಎಂದು ಕೋಚ್ ಮೆಟ್ಟಿಲಲ್ಲೇ ನಿಂತನಂತೆ.

ಆ ಒಂದು ಚೆಂಡಿಗೇ ಅದು ನಡೆದುಹೋಯಿತು. ಬ್ಯಾಟಿಗೆ ಬಿದ್ದ ಚೆಂಡು ನೆಲ ಮುಟ್ಟದೆ ನೇರವಾಗಿ ನುಗ್ಗಿತು. ಎರಡನೇ ಬೇಸಿನ ಹತ್ತಿರವಿದ್ದ ನಮ್ಮ ಗಿಡ್ಡ ನಿವಾಲ್ದೊ ಹಾರಿ ಹಿಡಿದ, ಹೊಡೆದವನು ಔಟ್. ಎರಡನೇ ಬೇಸಿನಲ್ಲಿದ್ದ ಎದುರಾಳಿ ಆಗಲೇ ಓಟ ಕಿತ್ತಿದ್ದ. ಅವನು ಹಿಂದಿರುಗುವ ಮೊದಲೇ ನಿವಾಲ್ದೊ ಆ ಬೇಸ್ ತುಳಿದ, ಅವನೂ ಔಟ್. ಮೊದಲ ಬೇಸಿನಿಂದ ಓಡಿಬಂದವನು ನಿಲ್ಲಲಾಗದೆ ಎದುರಿಗೇ ಸಿಕ್ಕಿದ, ಅವನನ್ನೂ ಮುಟ್ಟಿದ. ಒಬ್ಬನೇ ಮನುಷ್ಯ, ಒಂದೇ ಉಸಿರಿನಲ್ಲಿ, ಮೂರು ಜನ. ನಮ್ಮ ಅಪ್ಪ, ಅಜ್ಜ ಯಾರೂ ಕಂಡಿರದ ಆಟ. ಕಾರ್ಖಾನೆಯಲ್ಲಿ ಚಪ್ಪಾಳೆಯ ಬದಲು ಇನ್ನೂರು ಚಾಕುಗಳು ಹಲಗೆಗೆ ಬಡಿಯತೊಡಗಿದವು. ಉಬಾಲ್ದೊ ದೆಲ್ಫಿನಾಳನ್ನು ತಬ್ಬಿಕೊಂಡು ಅತ್ತ. ನಾನು ಪುಸ್ತಕದಿಂದ ಮೇಜು ಕುಟ್ಟಿದೆ. ಕುಟ್ಟಿದ್ದು ಅದೇ ಪುಸ್ತಕ, ಅಣ್ಣ. ನಿಮ್ಮ ಚೀಟಿ ಅದರೊಳಗಿತ್ತು.

ನಿಮ್ಮ ಚಾಕು ಮಾತ್ರ ಎಲೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಿಮಗೆ ಗೊತ್ತಾಗಿತ್ತು. ಮೂವರೂ ಔಟಾಗಿ ಇನ್ನಿಂಗ್ಸ್ ಮುಗಿಯಿತು, ಕೋಚ್ ಮೆಟ್ಟಿಲು ಇಳಿದ. ಅಂಥ ಪವಾಡ ನಡೆದ ಮೇಲೆ ಪಿಚರನ್ನು ಯಾರು ಬದಲಿಸುತ್ತಾರೆ?

ಒಂಬತ್ತನೇ ಇನ್ನಿಂಗ್ಸಿನ ನಾಲ್ಕನೇ ಚೆಂಡು ಎಸೆದವನೇ ಯೊಸ್ಬೆಲ್ ಬಲಗೈ ಹಿಡಿದುಕೊಂಡ. ಮಂಡಿಯೂರಿ ಕೂತಿದ್ದಾನೆ ಎಂದು ರೇಡಿಯೋದವನು ಹೇಳಿದ. ಕ್ರೆಸೆನ್ಸಿಯೊ ಬಂದು ಏಳೇ ಏಳು ಚೆಂಡಿನಲ್ಲಿ ಪಂದ್ಯ ಮುಗಿಸಿದ. ನಾವು ಗೆದ್ದೆವು. ಆ ಮುದುಕನೇ ಸಾಕಾಗಿತ್ತು ನಮಗೆ.

ಸಂಜೆ ಬಾಗಿಲ ಹತ್ತಿರ ನೀವು ನನ್ನನ್ನು ತಡೆದು ನಿಲ್ಲಿಸಿದಿರಿ. ಬಯ್ಯುತ್ತೀರಿ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಗಲಾಟೆಯಲ್ಲಿ ಓದೋದು ಮರೆತುಹೋಯ್ತು ಅಲ್ವಾ, ಎನೆಯ್ದಾ?” ಎಂದಿರಿ. ನನಗೋಸ್ಕರ ನೀವೇ ಒಂದು ಬಾಗಿಲು ತೆರೆದು ಹಿಡಿದಿರಿ. ನಾನು ಅದರಲ್ಲಿ ನುಸುಳಿಬಿಟ್ಟೆ. “ಹೂಂ ಅಣ್ಣ, ಮರೆತೆ” ಎಂದೆ. ಊಟದ ಹೊತ್ತಿನಲ್ಲಿ ನೀವು ಮೈದಾನದ ಗೇಟಿನ ತನಕ ಹೋಗಿ, ಆಣೆ ನೆನಪಾಗಿ ಹಿಂದಿರುಗಿದ್ದಿರಿ ಎಂದು ಎಷ್ಟೋ ದಿನದ ಮೇಲೆ ತಿಳಿಯಿತು.

ಅಂದಿನಿಂದ ಪ್ರತಿ ವರ್ಷ ಆ ದಿನ ಬಂದರೆ “ಓದಮ್ಮಾ, ನಿವಾಲ್ದೊ ಆಟ ಓದು” ಎಂದು ಎಲ್ಲರೂ ಕೇಳುತ್ತಾರೆ. ಹಳದಿ ಬಿದ್ದ ಪತ್ರಿಕೆ ತೆಗೆದು ಓದುತ್ತೇನೆ, ಚಾಕುಗಳು ಬಡಿಯುತ್ತವೆ. ಆಮೇಲೆ ಅದೇ ವಾದ: ಒಂಬತ್ತನೆಯದಕ್ಕೆ ಅವನನ್ನು ಕಳಿಸಬಾರದಿತ್ತು, ಕೋಚ್ ಕಟುಕ, ಕೋಚ್ ಕುರುಡ. ರಿಗೊಬೆರ್ತೊ ನಮ್ಮ ಬೀದಿಯಲ್ಲಿ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಲ್ಲುವುದನ್ನೂ ಬಿಟ್ಟ. ಒಫೆಲಿಯಾ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಾರು ಬಿಡಿಸುತ್ತಾಳೆ, ಹತ್ತೊಂಬತ್ತು ವರ್ಷದಿಂದ. ಆ ಮನುಷ್ಯನಿಗೆ ಮೊಣಕೈಯ ವಿಷಯ ಯಾರೂ ಹೇಳಿರಲಿಲ್ಲ ಎಂಬುದು ನಿಮಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನನ್ನ ಮಾನ ಉಳಿಸಲು ನೀವು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಇನ್ನು ಯೊಸ್ಬೆಲ್ ಹೇಳಿದ ಮಾತು. “ಅಪ್ಪ ಸಾಯೋ ಮುಂಚೆ ಚೀಟಿ ವಿಷ್ಯ ಹೇಳಿದ್ರು. ನಾನು ಬೇಡ ಅಂದಿದ್ದಕ್ಕೆ ಸುಮ್ಮನಿದ್ದುಬಿಟ್ರು ಅಂತ ಅವರ ಮೇಲೆ ಇಷ್ಟು ವರ್ಷ ಕೋಪ ಇಟ್ಕೊಂಡಿದ್ದೆ. ನೀವು ಮರೆತಿದ್ದಕ್ಕೆ ಬೇಜಾರು ಮಾಡ್ಕೋಬೇಡಿ, ಎನೆಯ್ದಾ ಅಮ್ಮ. ಮನುಷ್ಯರು ಅಂದ್ಮೇಲೆ ಮರೀತಾರೆ.” ನಿಮ್ಮದೇ ದನಿ. ತಂದೆ ಮಗ ಇಬ್ಬರೂ ಕ್ಷಮಿಸಿದ್ದು ನಾನು ಮಾಡದೇ ಇದ್ದ ತಪ್ಪನ್ನು.

ನಾನು ಮರೆತಿರಲಿಲ್ಲ, ಅಣ್ಣ.

ನಾಳೆ ಬೆಳಿಗ್ಗೆ ಬರಲು ಯೊಸ್ಬೆಲ್‌ಗೆ ಹೇಳಿಕಳಿಸಿದ್ದೇನೆ. ಊಟದ ಗಂಟೆಗೆ ಮೊದಲು ಈ ಪತ್ರ ಓದುತ್ತೇನೆ, ಆಮೇಲೆ ನಿಮ್ಮ ಚೀಟಿ. ಓದಿದ್ದು ಹಿಡಿಸದಿದ್ದರೆ ನಮ್ಮವರು ಚಾಕುಗಳನ್ನು ನೆಲಕ್ಕೆ ಎಸೆಯುತ್ತಾರೆ. ಎಸೆಯಲಿ. ಕೆಳಗಿಳಿದು ಒಂದೊಂದನ್ನೂ ನಾನೇ ಹೆಕ್ಕಿ ಕೊಡುತ್ತೇನೆ.

ಚೀಟಿಯ ಕೊನೆಯ ಸಾಲನ್ನು ನೀವು ನನಗೆಂದೇ ಬರೆದಿದ್ದಿರಿ: “ಎನೆಯ್ದಾ, ಹಿಂದಿನ ಸಾಲಿಗೂ ಕೇಳೋ ಹಾಗೆ ಓದು.”

ಹಾಗೆಯೇ ಓದುತ್ತೇನೆ. ನೀವಿರುವ ಕಡೆ ನಿಮಗೆ ನೆಮ್ಮದಿ ಸಿಗಲಿ.

ನಿಮ್ಮ ಓದಮ್ಮ,
ಎನೆಯ್ದಾ